ಗಂಟೆ ಮೇಡಂಗೆ ಉಳಿದ ನಾಲ್ಕು ನಿಮಿಷ

ಆ ಹೆಸರು ಇಟ್ಟವರು ಯಾವ ವರ್ಷದ ಹುಡುಗರೋ ಯಾರಿಗೂ ಗೊತ್ತಿಲ್ಲ. ಹುಡುಗರು ಬಂದರು, ಹೋದರು. ಹೆಸರು ಮಾತ್ರ ಬೆಂಚಿನ ಮೇಲೆ ಕೆತ್ತಿದ ಹಾಗೆ ಉಳಿದುಬಿಟ್ಟಿತು. ಕಾಲೇಜಿನ ಗೇಟಿನಲ್ಲಿ ನಿಂತು ಗಂಟೆ ಮೇಡಂ ಎಲ್ಲಿ ಅಂತ ಕೇಳಿದರೆ ಯಾರು ಬೇಕಾದರೂ ತೋರಿಸುತ್ತಿದ್ದರು. ಇತಿಹಾಸ ಪಾಠ ಮಾಡುವ ಸಣಕಲು ಹೆಂಗಸು, ಒಂದು ಕೈಯಲ್ಲಿ ಮಡಚುವ ಕೊಡೆ, ಇನ್ನೊಂದು ಕೈಯಲ್ಲಿ ಹಾಜರಿ ಪುಸ್ತಕ. ಮಳೆ ಇರಲಿ ಇಲ್ಲದಿರಲಿ ಕೊಡೆ ಇರಲೇಬೇಕು. ಅದು ಮಳೆಗಲ್ಲ, ಗೋಡೆಗೆ ಹಾಕಿದ ನಕ್ಷೆ ತೋರಿಸುವುದಕ್ಕೆ. ಕೋಲು ತರಿಸಿಕೊಡಿ ಅಂತ ಅವರು ಆಫೀಸಿಗೆ ಬರೆದು ಹದಿನಾಲ್ಕು ವರ್ಷವಾಗಿತ್ತು.

ಹೆಸರು ಯಾಕೆ ಬಂತು ಅಂದರೆ, ಗಂಟೆ ಹೊಡೆದ ಮೇಲೆ ಅವರ ಬಾಯಿಂದ ಪಾಠದ ಒಂದಕ್ಷರ ಬರುತ್ತಿರಲಿಲ್ಲ. ಮಿಕ್ಕ ಮೇಷ್ಟ್ರುಗಳೆಲ್ಲ ಗಂಟೆಯಾದರೂ ಇನ್ನೊಂದೇ ನಿಮಿಷ, ಇನ್ನೊಂದೇ ಸಾಲು ಅಂತ ಎಳೆಯುತ್ತಾರಲ್ಲ, ಇವರು ಹಾಗಲ್ಲ. ರಾಜ ಕತ್ತಿ ಎತ್ತಿರಲಿ, ಹಡಗು ಮುಳುಗುತ್ತಿರಲಿ, ಟಣ್ ಅಂದಿತೋ, ಸೀಮೆಸುಣ್ಣ ಕೆಳಗೆ. "ಉಳಿದದ್ದು ನಾಳೆ," ಅಂದು ಹೊರಟೇಬಿಡುತ್ತಿದ್ದರು. ಒಂದು ಸಲ ಶುಕ್ರವಾರ ಹೀಗೇ ಆಗಿ, ಸೋಮವಾರ ಬಂದಾಗ ಹಿಂದಿನ ಬೆಂಚಿನವನೊಬ್ಬ ಎದ್ದು, "ಮೇಡಂ, ಬೇಗ ಶುರುಮಾಡಿ. ಮೂರು ದಿನದಿಂದ ಕತ್ತಿ ಎತ್ಕೊಂಡೇ ನಿಂತಿದಾನೆ ರಾಜ, ಕೈ ಬಿದ್ದೋಗಿರತ್ತೆ ಪಾಪ," ಅಂದನಂತೆ. ಮೇಡಂ ಕೂಡ ನಕ್ಕರು. ಅವರು ನಗುವುದು ಅಪರೂಪ. ಆದ್ದರಿಂದ ಆ ಮಾತು ಕಾಲೇಜಿನಲ್ಲಿ ವರ್ಷಗಟ್ಟಲೆ ಓಡಾಡಿತು.

ಈ ಚಾಳಿ ಅವರ ಅಪ್ಪನಿಂದ ಬಂದದ್ದು. ಅಪ್ಪ ಒಂದು ನೂಲಿನ ಗಿರಣಿಯಲ್ಲಿ ಗೇಟ್ ಕಾಯುವವರು. ಪಾಳಿಯ ಗಂಟೆ ಹೊಡೆಯುವುದೂ ಅವರೇ, ಹೊಡೆದ ಕೂಡಲೇ ಗೇಟು ಎಳೆಯುವುದೂ ಅವರೇ. ಒಂದು ದಿನ ಅವರ ಸ್ವಂತ ತಮ್ಮ, ಅಂದರೆ ಮೇಡಂ ಅವರ ಚಿಕ್ಕಪ್ಪ, ಓಡುತ್ತಾ ಬಂದವನು ಗೇಟಿಗೆ ಹತ್ತು ಹೆಜ್ಜೆ ದೂರದಲ್ಲಿದ್ದ. "ಅಣ್ಣಾ, ಬಂದೆ, ಬಂದೆ!" ಅಂತ ಕೂಗಿದ. ಅಣ್ಣ ಗೇಟು ಎಳೆದೇಬಿಟ್ಟರು. ಮನೆಯಲ್ಲಿ ಎರಡು ತಿಂಗಳು ಅಣ್ಣತಮ್ಮಂದಿರ ಮಾತು ನಿಂತಿತ್ತು. ಪುಟ್ಟ ಹುಡುಗಿ ಕೇಳಿದಳು, ಯಾಕಪ್ಪ ಹಾಗೆ ಮಾಡಿದೆ ಅಂತ. "ನಿನ್ನೆ ಇನ್ಯಾರೋ ಬಡವನ ಮುಂದೆ ಎಳೆದಿದ್ದೆ ಮಗಳೇ. ಇವತ್ತು ನನ್ನ ತಮ್ಮನಿಗೆ ಬಿಟ್ಟರೆ, ನಿನ್ನೆ ಎಳೆದದ್ದು ತಪ್ಪಾಗುತ್ತಲ್ಲ," ಅಂದರು ಅಪ್ಪ. ಆ ಮಾತು ಹುಡುಗಿಯ ಎದೆಯಲ್ಲಿ ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು. ಗಂಟೆಯಾದ ಮೇಲಿನ ಹೊತ್ತು ಬೇರೆಯವರದು. ಅದನ್ನು ಮುಟ್ಟಬಾರದು.

ಮನೆಯಲ್ಲಿ ಇದ್ದವರು ಇಬ್ಬರೇ, ಮೇಡಂ ಮತ್ತು ಅವರ ಅತ್ತೆ. ಗಂಡ ಹೋಗಿ ಹನ್ನೆರಡು ವರ್ಷವಾಗಿತ್ತು. ಅತ್ತೆಗೆ ತೊಂಬತ್ತರ ಹತ್ತಿರ, ಬಲಗಿವಿ ಪೂರ್ತಿ ಕೆಟ್ಟಿತ್ತು, ಎಡಗಿವಿ ಅವರಿಗೆ ಬೇಕಾದಾಗ ಕೇಳುತ್ತಿತ್ತು. ಕಿಟಕಿ ಪಕ್ಕ ಕೂತು ಒಂದೇ ಸ್ವೆಟರನ್ನು ಹೆಣೆಯುವುದು, ಬಿಚ್ಚುವುದು, ಮತ್ತೆ ಹೆಣೆಯುವುದು. "ಮುಗಿಸಿಬಿಟ್ರೆ ಆಮೇಲೆ ನಾಳೆ ಬೆಳಗ್ಗೆ ಯಾಕೆ ಏಳಲಿ?" ಅನ್ನುತ್ತಿದ್ದರು. ಅತ್ತೆ ಸೊಸೆ ಒಬ್ಬರನ್ನೊಬ್ಬರು ಚುಚ್ಚಿಕೊಂಡೇ ಬದುಕಿದವರು, ಆದರೆ ಒಬ್ಬರು ಉಣ್ಣದೆ ಇನ್ನೊಬ್ಬರು ತಟ್ಟೆ ಮುಟ್ಟುತ್ತಿರಲಿಲ್ಲ.

ಇನ್ನು ಆ ವರ್ಷದ ಸಂಗತಿ. ಕಾಲೇಜು ಒಂದು ಟ್ರಸ್ಟಿಗೆ ಸೇರಿದ್ದು. ಏಳು ಜನ ಟ್ರಸ್ಟಿಗಳು, ಮೂರು ತಿಂಗಳಿಗೊಮ್ಮೆ ಸಭೆ. ಪಾಠ ಮಾಡುವವರಿಗೂ ಅವರಿಗೂ ಮುಖಾಮುಖಿ ಇಲ್ಲ. ಏನಿದ್ದರೂ ಪ್ರಿನ್ಸಿಪಾಲರ ಬಾಯಿಂದ ಮೇಲೆ ಹೋಗಬೇಕು, ಪ್ರಿನ್ಸಿಪಾಲರ ಬಾಯಿಂದಲೇ ಕೆಳಗೆ ಬರಬೇಕು. ಒಂದು ಬೆಳಗ್ಗೆ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದ್ದರು. ಹನ್ನೊಂದು ಜನ ತಾತ್ಕಾಲಿಕ ಉಪನ್ಯಾಸಕರು ಮುಂದಿನ ಅವಧಿಯಿಂದ ಬೇಕಾಗಿಲ್ಲ, ಅವರ ತರಗತಿಗಳನ್ನು ಉಳಿದವರು ಹಂಚಿಕೊಳ್ಳಬೇಕು. ತಾತ್ಕಾಲಿಕ ಅಂದರೆ, ಅದರಲ್ಲಿ ಒಬ್ಬರು ಒಂಬತ್ತು ವರ್ಷದಿಂದ ತಾತ್ಕಾಲಿಕ! ಅವರಲ್ಲಿ ಒಬ್ಬಳು ಭೂಗೋಳ ಪಾಠ ಮಾಡುವ ಹುಡುಗಿ. ಗಂಟೆ ಮೇಡಂ ಅವರ ಶಿಷ್ಯೆಯೇ. ಕತ್ತಿ ಎತ್ತಿದ ರಾಜನ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕೂತು ನಕ್ಕವಳು. ಮೇಡಂಗೆ ಮಕ್ಕಳಿರಲಿಲ್ಲ. ಬಾಯಿಬಿಟ್ಟು ಹೇಳಿದವರಲ್ಲ, ಆದರೆ ತಮ್ಮ ಊಟದ ಡಬ್ಬಿಯಲ್ಲಿ ದಿನಾ ಅರ್ಧ ಅವಳಿಗೆ ಎತ್ತಿಡುತ್ತಿದ್ದರು.

ನೋಟಿಸಿನ ಮರುದಿನದಿಂದ ಕಾಯಂ ಇದ್ದವರೂ ಸೇರಿ ಎಲ್ಲರೂ ಪಾಠ ನಿಲ್ಲಿಸಿದರು. ಗೇಟಿನ ಹೊರಗೆ ಬಿಸಿಲಲ್ಲಿ ನಿಂತರು. ಪಾಠ ಇಲ್ಲ ಅಂದ ಮೇಲೆ ಗಂಟೆಯೂ ಇಲ್ಲ. ಗಂಟೆ ಹೊಡೆಯುವ ಅಟೆಂಡರ್, ಮೀಸೆಯಜ್ಜ ಅಂತ ಎಲ್ಲರೂ ಕರೆಯುತ್ತಿದ್ದವನು, ಸುತ್ತಿಗೆಗೆ ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟ. ಒಂದಲ್ಲ ಎರಡಲ್ಲ, ಇಪ್ಪತ್ತಮೂರು ದಿನ.

"ಏನೇ, ಇವತ್ತೂ ಬಿಸಿಲು ಕಾಯಿಸಿಕೊಂಡು ಬಂದೆಯಾ?" ಅನ್ನುತ್ತಿದ್ದರು ಅತ್ತೆ. "ಕೆಲಸ ಹೋಗೋದು ಅವರದ್ದು, ಮುಖ ಕಪ್ಪಾಗೋದು ನಿನ್ನದು."

"ಅವರ ಪಾಠ ನಾವು ಹಂಚಿಕೊಂಡ್ರೆ, ಅವರ ಕೆಲಸ ನಾವೇ ಕಿತ್ಕೊಂಡ ಹಾಗಲ್ವಾ ಅತ್ತೆ?"

"ಏನು? ಕೇಳಿಸಲ್ಲ," ಅಂದು ಅತ್ತೆ ಬಲಗಿವಿ ತಿರುಗಿಸಿಬಿಡುತ್ತಿದ್ದರು. ಮರುದಿನ ಡಬ್ಬಿಗೆ ಒಂದು ತುತ್ತು ಹೆಚ್ಚಿಗೆ ಹಾಕಿರುತ್ತಿದ್ದರು.

ಹದಿನೆಂಟನೇ ದಿನಕ್ಕೆ ಒಂದು ದಾರಿ ಕಂಡಿತು. ಟ್ರಸ್ಟಿನ ಸಭೆಯ ಕೋಣೆಯಲ್ಲಿ ಮೇಜಿನ ಕೊನೆಗೆ ಒಂದು ಕುರ್ಚಿ ಇದೆ. ಕಾಲೇಜು ಕಟ್ಟಿಸಿದ ಹಿರಿಯರು ಬರೆದಿಟ್ಟ ನಿಯಮ ಅದು. ಮೊದಲೇ ಅರ್ಜಿ ಕೊಟ್ಟವರು ಯಾರಾದರೂ ಅದರಲ್ಲಿ ಕೂತು ಹತ್ತು ನಿಮಿಷ ಮಾತಾಡಬಹುದು. ಕೂತಿರುವವರೆಗೆ ಅಧ್ಯಕ್ಷರೂ ನಡುವೆ ಬಾಯಿ ಹಾಕುವ ಹಾಗಿಲ್ಲ. ಎದ್ದರೆ ಮಾತು ಮುಗಿದ ಹಾಗೆ, ಮತ್ತೆ ಕೂರುವ ಹಾಗಿಲ್ಲ. ಬಡವರನ್ನು ಯಾರೂ ಗದರಿಸಬಾರದು ಅಂತ ಆ ಪುಣ್ಯಾತ್ಮರು ಮಾಡಿದ್ದು. ಯಾರೂ ಬಳಸದೆ ಎಷ್ಟೋ ವರ್ಷದಿಂದ ಆ ಕುರ್ಚಿಯ ಮೇಲೆ ಫೈಲು ಪೇರಿಸಿಟ್ಟಿದ್ದರು. ನಿಯಮ ಹಳೆಯ ಪುಸ್ತಕದಲ್ಲಿ ಇದೆ ಅಂತ ಹುಡುಕಿ ತೆಗೆದದ್ದು ಗಂಟೆ ಮೇಡಂ ಅವರೇ. ಇತಿಹಾಸದವರು ಬೇರೇನು ಹುಡುಕುತ್ತಾರೆ?

ಟ್ರಸ್ಟಿನ ಆಫೀಸಿನ ಗುಮಾಸ್ತ ಗುಟ್ಟಾಗಿ ಒಂದು ಮಾತು ತಂದ. "ಏಳರಲ್ಲಿ ನಾಲ್ಕು ಜನಕ್ಕೆ ಈ ನೋಟಿಸು ಇಷ್ಟ ಇಲ್ಲ. ಯಾರಾದ್ರೂ ಬಾಯಿಬಿಟ್ಟು ಕೇಳಿದ್ರೆ, ಮುಂದಿನ ಸಭೆವರೆಗೆ ತಡೆಹಿಡಿಯೋಣ ಅಂತಾರೆ. ಆದ್ರೆ ಕೇಳ್ಬೇಕು. ಕೇಳದೆ ಇದ್ದದ್ದನ್ನ ಅವರಾಗೇ ಕೊಡಲ್ಲ."

ಯಾರು ಹೋಗಬೇಕು ಅನ್ನುವುದಕ್ಕೆ ಎರಡು ದಿನ ಜಗಳ. ಪಾಠ ಮಾಡುವವರ ಜಗಳ ಗೊತ್ತಲ್ಲ, ಒಬ್ಬರೂ ಕೂಗುವುದಿಲ್ಲ, ಒಬ್ಬರೂ ಬಿಟ್ಟುಕೊಡುವುದಿಲ್ಲ. ಭೌತಶಾಸ್ತ್ರದ ಮೇಷ್ಟ್ರು ನಾನು ಅಂದರು. ಅವರು ಬಾಯಿ ತೆಗೆದರೆ ಮುಚ್ಚಲ್ಲ ಅಂತ ಗಣಿತದವರು ಅಂದರು. ಗಣಿತದವರಿಗೆ ಸಿಟ್ಟು ಮೂಗಿನ ತುದಿಯಲ್ಲಿ ಅಂತ ಇನ್ಯಾರೋ. ಕೊನೆಗೆ ಭೌತಶಾಸ್ತ್ರದವರೇ, "ಹತ್ತು ನಿಮಿಷ ಅಂದ್ರೆ ಹತ್ತೇ ನಿಮಿಷಕ್ಕೆ ನಿಲ್ಲಿಸೋರು ಇಲ್ಲಿ ಒಬ್ಬರೇ ಇರೋದು," ಅಂದು ಗಂಟೆ ಮೇಡಂ ಕಡೆ ನೋಡಿದರು. ಎಲ್ಲರೂ ನಕ್ಕರು. ಸಮಸ್ಯೆ ಬಗೆಹರಿಯಿತು. ಯಾವ ಗುಣ ನೋಡಿ ಕಳಿಸಿದರೋ, ಅದೇ ಮುಳುವಾಯಿತು.

ಮೇಡಂ ನಾಲ್ಕು ದಿನ ಕೂತು ಬರೆದರು. ಅತ್ತೆಯ ಎಡಗಿವಿಗೆ ಓದಿ ಹೇಳಿದರು, ಗಡಿಯಾರ ಇಟ್ಟುಕೊಂಡು. ಕಾಲೇಜು ಕಟ್ಟಿದ್ದು ಯಾಕೆ, ಮೊದಲ ಮೇಷ್ಟ್ರುಗಳು ಯಾರು, ತಾತ್ಕಾಲಿಕ ಅನ್ನುವುದು ಯಾವ ವರ್ಷ ಶುರುವಾಯಿತು, ಅಲ್ಲಿಂದ ಹಂತಹಂತವಾಗಿ ಬಂದು ಎಂಟನೇ ನಿಮಿಷಕ್ಕೆ ಬೇಡಿಕೆ. ಸರಿಯಾಗಿ ಒಂಬತ್ತೂಮುಕ್ಕಾಲು ನಿಮಿಷ.

ಆ ದಿನ ಬೆಳಗ್ಗೆ ಆಫೀಸಿನ ಮೆಟ್ಟಿಲ ಹತ್ತಿರ ಭೂಗೋಳದ ಹುಡುಗಿ ಹಾಳೆಗಳನ್ನು ನೋಡಿ, "ಮೇಡಂ, ಬೇಡಿಕೆ ಮೊದಲು ಹೇಳ್ಬಿಡಿ. ಕಥೆ ಆಮೇಲೆ ಹೇಳಬಹುದು," ಅಂದಳು.

"ಹಿನ್ನೆಲೆ ಹೇಳದೆ ಕೇಳಿದ್ರೆ ಅದು ಭಿಕ್ಷೆ ಆಗುತ್ತೆ ಕಣೇ. ಹಿನ್ನೆಲೆ ಹೇಳಿ ಕೇಳಿದ್ರೆ ಹಕ್ಕು."

"ನನಗೆ ಭಿಕ್ಷೆಯಾದರೂ ಪರವಾಗಿಲ್ಲ ಮೇಡಂ," ಅಂದು ಹುಡುಗಿ ನಗಲು ನೋಡಿದಳು. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

ಸಭೆಯ ಕೋಣೆ ಕಾಲೇಜಿನಲ್ಲೇ, ಮೊದಲ ಮಹಡಿಯಲ್ಲಿ, ಟ್ರಸ್ಟಿನ ಆಫೀಸಿನ ಪಕ್ಕ. ಉದ್ದನೆಯ ಮೇಜು, ಮೇಲೆ ಗಾಜು, ಗಾಜಿನ ಕೆಳಗೆ ಹಸಿರು ಬಟ್ಟೆ. ಕುರ್ಚಿಯ ಮೇಲಿನ ಫೈಲುಗಳನ್ನು ಅದೇ ಬೆಳಗ್ಗೆ ತೆಗೆದಿದ್ದರು, ಸೀಟಿನ ಮೇಲೆ ಧೂಳಿನ ಚೌಕ ಹಾಗೇ ಇತ್ತು. ಮೇಡಂ ಅದರ ಮೇಲೆಯೇ ಕೂತರು. ಹನ್ನೊಂದು ಗಂಟೆ ಮೂವತ್ತೊಂಬತ್ತು ನಿಮಿಷ. ಕಾರ್ಯದರ್ಶಿ ಕೈಗಡಿಯಾರ ಬಿಚ್ಚಿ ಗಾಜಿನ ಮೇಲಿಟ್ಟರು.

ಕೂತು ಮಾತಾಡಿ ಅಭ್ಯಾಸವಿಲ್ಲದ ಮೇಡಂ ಮೊದಲ ಎರಡು ವಾಕ್ಯ ಹಾಳೆ ನೋಡಿಕೊಂಡೇ ಓದಿದರು. ಆಮೇಲೆ ದನಿ ಹರಿಯಿತು. ಏಳು ಮುಖಗಳೂ ತರಗತಿಯ ಮುಖಗಳ ಹಾಗೇ ಕಂಡವು. ಅಧ್ಯಕ್ಷರು, ಬೆಳ್ಳನೆಯ ಕೂದಲಿನ, ಹಲ್ಲಿನ ಸೆಟ್ಟು ಆಗಾಗ ಸರಿಮಾಡಿಕೊಳ್ಳುವ ಮುದುಕರು, ತಮ್ಮ ತಂದೆಯ ಹೆಸರು ಬಂದಾಗ ತಲೆಯೆತ್ತಿ ನೋಡಿದರು. ಕಾಲೇಜು ಕಟ್ಟಿಸಿದ್ದು ಅವರ ತಂದೆಯೇ. ಪಕ್ಕದ ಇಬ್ಬರು ಮುಂದೆ ಬಾಗಿದರು. ಕೇಳುತ್ತಿದ್ದಾರೆ, ನಿಜವಾಗಿ ಕೇಳುತ್ತಿದ್ದಾರೆ ಅಂತ ಮೇಡಂಗೆ ಅನ್ನಿಸಿತು. ಮೈಯೆಲ್ಲ ಬೆಚ್ಚಗಾಯಿತು. ಐದನೇ ನಿಮಿಷ. ಆರನೇ ನಿಮಿಷ.

"...ಹೀಗೆ ಆ ವರ್ಷ ಮೊದಲ ಸಲ ಮೂರು ಜನರನ್ನು ತಾತ್ಕಾಲಿಕ ಅಂತ ತೆಗೆದುಕೊಂಡಾಗ, ತಮ್ಮ ತಂದೆಯವರು ಒಂದು ಮಾತು ಬರೆದುಕೊಟ್ಟಿದ್ದರು. ಆ ಮಾತು ಏನು ಅಂದರೆ..."

ಟಣ್. ಟಣ್. ಟಣ್.

ಇಪ್ಪತ್ತಮೂರು ದಿನ ಸುಮ್ಮನಿದ್ದ ಗಂಟೆ. ಹನ್ನೊಂದೂಮುಕ್ಕಾಲಿಗೆ ಮೂರನೇ ತರಗತಿ ಮುಗಿಯುವ ಗಂಟೆ.

ಮೇಡಂ ಎದ್ದು ನಿಂತರು. ಹಾಳೆ ಮಡಚಿದರು. "ಉಳಿದದ್ದು ನಾಳೆ," ಅಂದರು.

ಕೋಣೆಯಲ್ಲಿ ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ಆ ನಗು ಕಿವಿಗೆ ಬಿದ್ದಾಗಲೇ ಮೇಡಂಗೆ ತಾವು ನಿಂತಿರುವುದು ತಿಳಿದದ್ದು. ಹಿಂದಕ್ಕೆ ಕೈ ಚಾಚಿ ಕುರ್ಚಿ ಹುಡುಕಿದರು. ಅಷ್ಟರಲ್ಲಿ ಕಾರ್ಯದರ್ಶಿ ಎದ್ದು ಬಂದು ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟಿದ್ದರು, ಮೆತ್ತಗೆ, ಬಹಳ ಮರ್ಯಾದೆಯಿಂದ.

"ಎದ್ದಮೇಲೆ ಮುಗೀತು ಮೇಡಂ. ನಿಯಮ ತೋರಿಸಿದ್ದು ನೀವೇ ಅಲ್ವಾ?"

"ಇಲ್ಲ, ಇನ್ನೂ ನಾಲ್ಕು ನಿಮಿಷ ಇದೆ. ನಾನು ಇನ್ನೂ ಕೇಳೇ ಇಲ್ಲ..."

"ಚೆನ್ನಾಗಿ ಹೇಳಿದ್ರಮ್ಮ," ಅಂದರು ಅಧ್ಯಕ್ಷರು. "ನಮ್ಮ ತಂದೆಯವರ ವಿಚಾರ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಮಿಕ್ಕಿದ್ದು ಪ್ರಿನ್ಸಿಪಾಲರ ಮೂಲಕ ಬರೆದುಕೊಡಿ, ಮುಂದಿನ ಸಭೆಗೆ ನೋಡೋಣ."

ನಿಂತಲ್ಲೇ ಕೂಗಿ ಹೇಳಬಹುದಿತ್ತು. ಒಂದೇ ಸಾಲು. ಆ ನೋಟಿಸು ಮುಂದಿನ ಸಭೆವರೆಗೆ ತಡೆಹಿಡಿಯಿರಿ. ಯಾರು ಬೇಕಾದರೂ ಕೂಗುತ್ತಿದ್ದರು, ಭೌತಶಾಸ್ತ್ರದವರಂತೂ ಮೇಜು ಗುದ್ದಿ ಕೂಗುತ್ತಿದ್ದರು. ಆದರೆ ಮೇಡಂ ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಅಪ್ಪ ಗೇಟು ಎಳೆದ ಸದ್ದು ಕಿವಿಯೊಳಗೆ ಕೇಳಿದ ಹಾಗಾಯಿತು. ಮುಂದೆ ಬಾಗಿದ್ದ ಆ ಇಬ್ಬರು ಹಿಂದಕ್ಕೆ ಒರಗಿಕೊಂಡರು. ಟೀ ಬಂತು.

ಹೊರಗೆ ವರಾಂಡದಲ್ಲಿ ಹನ್ನೊಂದು ಜನವೂ ಸಾಲಾಗಿ ಗೋಡೆಗೆ ಒರಗಿ ನಿಂತಿದ್ದರು. ಮೇಡಂ ಅವರನ್ನು ನೋಡಿದರು. ಸುಳ್ಳು ಹೇಳಬಹುದು ಅಂತ ಒಂದು ಗಳಿಗೆ ಅನ್ನಿಸಿತಂತೆ.

"ಕೇಳಲಿಲ್ಲ," ಅಂದರು.

"ಅವರು ಕೇಳಿಸಿಕೊಳ್ಳಲಿಲ್ವಾ?" ಅಂದಳು ಭೂಗೋಳದ ಹುಡುಗಿ.

"ಅವರು ಕೇಳಿಸಿಕೊಂಡ್ರು. ನಾನು ಕೇಳಲಿಲ್ಲ. ಗಂಟೆಯಾಯ್ತು, ಎದ್ದುಬಿಟ್ಟೆ."

ಒಬ್ಬರೂ ಬೈಯಲಿಲ್ಲ. ಒಬ್ಬ ತಲೆ ಗೋಡೆಗೆ ಕುಟ್ಟಿಕೊಂಡ, ಅಷ್ಟೇ, ಒಂದೇ ಸಲ. ಹುಡುಗಿ ಮೇಡಂ ಕೈಯಿಂದ ಕೊಡೆ ತೆಗೆದುಕೊಂಡು, "ಬನ್ನಿ, ಮನೆಗೆ ಬಿಟ್ಟು ಬರ್ತೀನಿ," ಅಂದಳು. ಬೈದಿದ್ದರೆ ಒಳ್ಳೆಯದಿತ್ತು.

ಗಂಟೆ ಯಾಕೆ ಹೊಡೆಯಿತು ಅನ್ನುವುದು ಗೇಟಿನ ಹತ್ತಿರ ತಿಳಿಯಿತು. ಟ್ರಸ್ಟಿಗಳು ಬರುವ ದಿನ ಕಾಲೇಜು ನಡೆಯುತ್ತಿರುವ ಹಾಗೆ ಕಾಣಲಿ ಅಂತ ಪ್ರಿನ್ಸಿಪಾಲರು ಬೆಳಗ್ಗೆ ಹತ್ತೂವರೆಗೆ ಮೀಸೆಯಜ್ಜನನ್ನು ಕರೆಸಿ, "ಹನ್ನೊಂದರ ಮೇಲೆ ಎಲ್ಲಾ ಗಂಟೆನೂ ಹೊಡೀಬೇಕು, ಒಂದೂ ತಪ್ಪಬಾರದು," ಅಂದಿದ್ದರು. ಮೂರನೇ ತರಗತಿಯ ಗಂಟೆಯೇ ಆ ದಿನದ ಮೊದಲನೆಯದು. ಯಾವ ತರಗತಿ, ಯಾವ ಹುಡುಗರು? ಬರೀ ಬೆಂಚುಗಳಿಗೆ ಗಂಟೆ. ಅಜ್ಜ ಗೇಟಿಗೆ ಓಡಿಬಂದವನು ಸುತ್ತಿಗೆಯನ್ನು ಕೈಯಲ್ಲೇ ಹಿಡಿದಿದ್ದ.

"ಮೇಡಂ, ನಾನೇ ಹೊಡೆದೆ ಮೇಡಂ. ನಿಮಗೆ ಗಂಟೆಯಾದ ಮೇಲೆ ಮಾತು ಬರಲ್ಲ ಅನ್ನೋದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಳಗೆ ಇರೋದು ನೀವು ಅಂತ ಯಾರೂ ಹೇಳಲಿಲ್ಲ ನನಗೆ."

"ನೀವು ಹೊಡೆಯೋ ಹೊತ್ತಿಗೆ ಹೊಡೆದ್ರಿ ಅಜ್ಜ. ನಾನು ಏಳಬಾರದ ಹೊತ್ತಿಗೆ ಎದ್ದೆ," ಅಂದರು ಮೇಡಂ. ಮುದುಕ ಅತ್ತ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು.

ಮನೆಯಲ್ಲಿ ಅತ್ತೆ ಸ್ವೆಟರು ಕೆಳಗಿಟ್ಟು ಮುಖ ನೋಡಿದರು. ಏನಾಯಿತು ಅಂತ ಕೇಳಲಿಲ್ಲ. "ಕೈಕಾಲು ತೊಳ್ಕೊಂಡು ಬಾ. ಉಳಿದ ನಾಲ್ಕು ನಿಮಿಷದ್ದು ನನಗೆ ಹೇಳು, ಕೇಳ್ತೀನಿ," ಅಂದರು. ಅಷ್ಟು ಸಲ ಓದಿಸಿಕೊಂಡಿದ್ದರಲ್ಲ, ಮುಖ ನೋಡಿಯೇ ಎಲ್ಲಿ ನಿಂತಿತು ಅಂತ ಗೊತ್ತಾಗಿರಬೇಕು. ಅಥವಾ ಹುಡುಗಿ ಬಾಗಿಲಲ್ಲಿ ಹೇಳಿ ಹೋಗಿದ್ದಳೋ ಏನೋ. ಮೇಡಂ ಗೋಡೆ ಕಡೆ ತಿರುಗಿ ಮಲಗಿದರು. ಮಧ್ಯಾಹ್ನದ ಬಿಸಿಲು ಹಾಸಿಗೆ ಮೇಲಿತ್ತು.

ಸಭೆಯ ಟಿಪ್ಪಣಿ ಒಂದು ವಾರಕ್ಕೆ ಬಂತು. "ಬೋಧಕರ ಪ್ರತಿನಿಧಿಯ ಮಾತನ್ನು ಪೂರ್ಣವಾಗಿ ಆಲಿಸಲಾಯಿತು. ಯಾವುದೇ ಬೇಡಿಕೆ ಬಂದಿರುವುದಿಲ್ಲ." ಎರಡೇ ಸಾಲು. ಅದು ಬಂದ ಮೇಲೆ ಗೇಟಿನ ಹೊರಗಿನ ಗುಂಪು ದಿನಕ್ಕಿಬ್ಬರಂತೆ ಕರಗಿತು. ಮೊದಲು ಒಳಗೆ ಹೋದವರು ಗಣಿತದವರು, ಕೊನೆಗೆ ಹೋದವರು ಭೌತಶಾಸ್ತ್ರದವರು, ತಲೆ ತಗ್ಗಿಸಿಕೊಂಡು. ಹನ್ನೊಂದು ಜನರ ತರಗತಿಗಳನ್ನು ಹಂಚಿದರು. ಗಂಟೆ ಮೇಡಂ ಪಾಲಿಗೆ ವಾರಕ್ಕೆ ನಾಲ್ಕು ಭೂಗೋಳದ ತರಗತಿ ಬಂತು. ಬೇಡ ಅಂತ ಬರೆದುಕೊಟ್ಟರು. ಒಪ್ಪದಿದ್ದರೆ ಮನೆಗೆ ಹೋಗಿ ಅಂದರು. ಅತ್ತೆಯ ಔಷಧಿ ಇತ್ತು, ನಿವೃತ್ತಿಗೆ ಎರಡು ವರ್ಷವಿತ್ತು. ತರಗತಿಗೆ ಹೋದರು. ಅದೇ ಹುಡುಗಿ ಗೋಡೆಗೆ ಹಾಕಿದ್ದ ನಕ್ಷೆಯನ್ನು ಕೊಡೆಯಿಂದ ತೋರಿಸುತ್ತಾ ಪಾಠ ಮಾಡಿದರು. "ಉಳಿದದ್ದು ನಾಳೆ" ಅನ್ನುವುದು ಮಾತ್ರ ನಿಂತುಹೋಯಿತು. ಗಂಟೆಯಾದರೆ ಸುಮ್ಮನೆ ಹೊರಟು ಹೋಗುತ್ತಿದ್ದರು.

ಆದರೆ ಮೂರು ತಿಂಗಳಿಗೊಮ್ಮೆ, ಸಭೆಗೆ ಹದಿನೈದು ದಿನ ಮೊದಲು, ಟ್ರಸ್ಟಿನ ಆಫೀಸಿಗೆ ಅವರದೊಂದು ಅರ್ಜಿ ಹೋಗುತ್ತಿತ್ತು. ಕುರ್ಚಿಯ ನಿಯಮದ ಪ್ರಕಾರ ತಮಗೆ ಇನ್ನೂ ನಾಲ್ಕು ನಿಮಿಷ ಉಳಿದಿದೆ, ಗಂಟೆ ಹೊಡೆದದ್ದು ಅಡ್ಡಿ, ಅಡ್ಡಿ ಮಾಡಬಾರದೆಂದು ಹಿರಿಯರು ಬರೆದಿದ್ದಾರೆ ಅಂತ. ಮೂರು ಪುಟ, ನಾಲ್ಕು ಪುಟ. ಎಲ್ಲವೂ ಕಾಲೇಜು ಕಟ್ಟಿದ ವರ್ಷದಿಂದಲೇ ಶುರು. ಒಂದಕ್ಕೂ ಉತ್ತರ ಬರಲಿಲ್ಲ. ಆಫೀಸಿನವರು ಮೊದಮೊದಲು ನಗುತ್ತಿದ್ದರು, ಆಮೇಲೆ ನಗುವುದನ್ನೂ ಬಿಟ್ಟರು. ಐದನೇ ಅರ್ಜಿಯ ಹೊತ್ತಿಗೆ ಅತ್ತೆ ತೀರಿಕೊಂಡರು, ಸ್ವೆಟರಿನ ಒಂದು ತೋಳು ಬಾಕಿ ಇಟ್ಟು. ಮೇಡಂಗೆ ಹೆಣಿಗೆ ಬರುತ್ತಿರಲಿಲ್ಲ. ಒಂದು ತೋಳಿನ ಸ್ವೆಟರು ಕಿಟಕಿ ಪಕ್ಕದ ಕುರ್ಚಿಯ ಮೇಲೆ ಹಾಗೇ ಇತ್ತು.

ನಿವೃತ್ತಿಯ ತಿಂಗಳಿನಲ್ಲಿ ಭೂಗೋಳದ ಹುಡುಗಿ ಮನೆಗೆ ಬಂದಳು. ಈಗ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ. ಬೆರಳ ತುದಿಗಳು ಕಾಗದದ ಮಸಿಯಿಂದ ಕಪ್ಪಾಗಿದ್ದವು. "ದಿನಾ ಎಲ್ಲರಿಗೂ ಊರು ತೋರಿಸ್ತೀನಿ ಮೇಡಂ, ಅದೂ ಒಂಥರಾ ಭೂಗೋಳವೇ," ಅಂದಳು. ಇಬ್ಬರೂ ನಗಲಿಲ್ಲ. ಮೇಜಿನ ಮೇಲಿದ್ದ ಎಂಟನೇ ಅರ್ಜಿ ಅವಳ ಕಣ್ಣಿಗೆ ಬಿತ್ತು. ಆಗಲೇ ಎರಡು ಪುಟ ತುಂಬಿತ್ತು.

"ನಿಲ್ಲಿಸಿಬಿಡಿ ಮೇಡಂ. ನಮ್ಮಲ್ಲಿ ಯಾರೂ ಕಾಯ್ತಾ ಇಲ್ಲ. ಇಬ್ಬರು ಊರೇ ಬಿಟ್ಟಿದಾರೆ. ಒಬ್ಬರು ಇಲ್ಲವೇ ಇಲ್ಲ ಈಗ."

"ಯಾರು?"

"ಒಂಬತ್ತು ವರ್ಷ ತಾತ್ಕಾಲಿಕ ಇದ್ದೋರು. ಹೋದ ತಿಂಗಳು."

ಆವತ್ತು ವರಾಂಡದಲ್ಲಿ ತಲೆ ಗೋಡೆಗೆ ಕುಟ್ಟಿಕೊಂಡವನು. ಹುಡುಗಿ ಹೊರಟಾಗ ಮೇಡಂ ಡಬ್ಬಿಯಲ್ಲಿ ಊಟ ಹಾಕಿಕೊಟ್ಟರು. ಪೂರ್ತಿ ಡಬ್ಬಿ. ಆಮೇಲೆ ಆ ಎರಡು ಪುಟ ಹರಿದುಹಾಕಿ, ಹೊಸ ಹಾಳೆಯ ಮೇಲೆ ಒಂದೇ ಸಾಲು ಬರೆದರು. ಆ ನೋಟಿಸನ್ನು ತಡೆಹಿಡಿಯಿರಿ. ಹಿನ್ನೆಲೆ ಇಲ್ಲ, ಕಾಲೇಜು ಕಟ್ಟಿದ ವರ್ಷ ಇಲ್ಲ. ಕೆಳಗೆ ಹನ್ನೊಂದು ಹೆಸರು, ತೀರಿಕೊಂಡವನದೂ ಸೇರಿ.

ಮರುದಿನ ಟ್ರಸ್ಟಿನ ಆಫೀಸಿಗೆ ತಾವೇ ಹೋದರು. ಗುಟ್ಟು ತಂದಿದ್ದ ಆ ಗುಮಾಸ್ತನೇ ಕೂತಿದ್ದ, ಕನ್ನಡಕ ಹಾಕಿಕೊಂಡಿದ್ದ ಈಗ. ಹಾಳೆ ಓದಿದ. ಮತ್ತೆ ಓದಿದ. ತಲೆಯೆತ್ತಿ ಮೇಡಂ ಮುಖ ನೋಡಲು ಅವನಿಂದ ಆಗಲಿಲ್ಲ.

"ಇದನ್ನ ಆವತ್ತು..." ಅಂದು ಅಲ್ಲೇ ನಿಲ್ಲಿಸಿದ. ಮುದ್ರೆ ಒತ್ತಿದ, ತಾರೀಖು ಹಾಕಿದ, ದಪ್ಪ ಪುಸ್ತಕ ಎಳೆದುಕೊಂಡ. ಅದರಲ್ಲಿ ಬಂದ ಕಾಗದಕ್ಕೆಲ್ಲ ಒಂದು ಸಾಲು, ವಿಷಯ ಬರೆಯುವುದಕ್ಕೆ ಒಂದು ಅಂಕಣ.

"ವಿಷಯ ಏನಂತ ಬರೀಲಿ ಮೇಡಂ?"

ಕೆಳಗೆ ಕಾಲೇಜಿನ ಅಂಗಳದಲ್ಲಿ ಮೀಸೆಯಜ್ಜನ ಗಂಟೆ ಶುರುವಾಯಿತು. ಮೇಡಂ ಹೊರಟು ಹೋಗಲಿಲ್ಲ. ಮೂರೂ ಹೊಡೆತ ಮುಗಿಯುವವರೆಗೆ ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡು ನಿಂತರು.

"ಉಳಿದದ್ದು ಅಂತ ಬರೀರಿ," ಅಂದರು.